ಗಾಳಿ ಹೋದರೆ ತೆರೆಯುತ್ತದೆ

ಮಂಗಳೂರಿನಲ್ಲಿ ಬೆಳೆದವರಿಗೆ ಕಾರ್ಖಾನೆಗಳೆಂದರೆ ಹೊರಗಿನಿಂದ ನೋಡುವ ಸಂಗತಿಗಳು. ಕೂಳೂರು ಸೇತುವೆ ದಾಟಿ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಪಣಂಬೂರಿನಲ್ಲಿ ರಸಗೊಬ್ಬರದ ಕಾರ್ಖಾನೆ, ಬಂದರಿನ ಉದ್ದನೆಯ ಗೋಡೆ, ಆಮೇಲೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶ. ಸುರತ್ಕಲ್ಲಿನಿಂದ ಒಳಗೆ ತಿರುಗಿದರೆ ಕಾಟಿಪಳ್ಳ, ಕುತ್ತೆತ್ತೂರಿನ ಕಡೆ ತೈಲ ಶುದ್ಧೀಕರಣಾಗಾರ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಉತ್ಪಾದನೆ ಆರಂಭಿಸಿದ್ದು 1976ರಲ್ಲಿ. ಎಂಆರ್‌ಪಿಎಲ್ 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಕಚ್ಚಾತೈಲ ಶುದ್ಧೀಕರಿಸುವ ಸಾಮರ್ಥ್ಯದಿಂದ ಶುರುವಾಗಿ ಈಗ ಒಂದೂವರೆ ಕೋಟಿ ಟನ್ನಿಗೆ ಬಂದು ನಿಂತಿದೆ. ಇಷ್ಟು ದೊಡ್ಡ ಸಂಗತಿಗಳ ಜೊತೆ ನಮಗಿರುವ ಪರಿಚಯ ಮೂರು ದಾರಿಯದು: ರಾತ್ರಿ ಆಕಾಶಕ್ಕೆ ಚಾಚಿದ ಜ್ವಾಲೆ, ಗಾಳಿ ತಿರುಗಿದಾಗ ಬರುವ ವಾಸನೆ, ಮತ್ತು ಅಲ್ಲಿ ಕೆಲಸಕ್ಕಿರುವ ನೆಂಟರು.

ನಾನು ಕನ್ನಡದಲ್ಲಿ ಸಂಶೋಧನೆ ಮಾಡುವವಳು. ಕರಾವಳಿಯ ಮನೆಗಳಲ್ಲಿ ಉಳಿದಿರುವ ಯಕ್ಷಗಾನ ಪ್ರಸಂಗಗಳ ಓಲೆಗರಿ ಮತ್ತು ಕಾಗದದ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಗುರುತಿಸುವುದು ನನ್ನ ಕೆಲಸ. ಪೈಪು, ಪಂಪು, ವಾಲ್ವುಗಳಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಎರಡು ವರ್ಷಗಳ ಹಿಂದೆ, ಫೆಲೋಶಿಪ್ಪಿನ ಹಣ ನಾಲ್ಕು ತಿಂಗಳಿಂದ ಬಾರದೆ ಇದ್ದ ಹೊತ್ತಿನಲ್ಲಿ, ಸುರಕ್ಷತಾ ತರಬೇತಿ ಕೊಡುವ ಒಂದು ಸಂಸ್ಥೆಯಿಂದ ಕೆಲಸ ಬಂತು. ಗುತ್ತಿಗೆ ಕಾರ್ಮಿಕರಿಗಾಗಿ ಒಂದು ಚಿಕ್ಕ ಕೈಪಿಡಿ. ಇಂಗ್ಲಿಷಿನ ಮೂಲವಿತ್ತು, ಕನ್ನಡದ ಅನುವಾದವೂ ಇತ್ತು. ಆ ಅನುವಾದವನ್ನು ಓದಿ ‘ಭಾಷೆ ಸ್ವಲ್ಪ ಸರಿಮಾಡಿ’ ಕೊಡಬೇಕು, ಅಷ್ಟೆ. ಅದರ ವಿಷಯ ಪಿ ಆ್ಯಂಡ್ ಐಡಿ, ಅಂದರೆ ಪೈಪಿಂಗ್ ಆ್ಯಂಡ್ ಇನ್‌ಸ್ಟ್ರುಮೆಂಟೇಶನ್ ಡಯಾಗ್ರಾಮ್. ಒಂದು ಸ್ಥಾವರದಲ್ಲಿ ಯಾವ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ, ಅದರ ಮೇಲೆ ಯಾವ ವಾಲ್ವು, ಯಾವ ಮಾಪಕ, ಯಾವ ನಿಯಂತ್ರಣ ಇದೆ ಎಂದು ತೋರಿಸುವ ನಕ್ಷೆ. ಕೆಲಸಗಾರರು ಇಷ್ಟುದ್ದ ಹೇಳುವುದಿಲ್ಲ. ಅವರಿಗೆ ಅದು ‘ಡ್ರಾಯಿಂಗ್’.

ಕೈಪಿಡಿಯ ಹನ್ನೆರಡನೆಯ ಪುಟದಲ್ಲಿ ಎರಡು ಸಾಲುಗಳಿದ್ದವು. ನಕ್ಷೆಯಲ್ಲಿ ‘ಎಫ್‌ಓ’ ಎಂದಿದ್ದರೆ ‘ವಿಫಲವಾದರೆ ತೆರೆಯಿರಿ’. ‘ಎಲ್‌ಓ’ ಎಂದಿದ್ದರೆ ‘ಬೀಗ ತೆರೆಯಿರಿ’. ಕನ್ನಡ ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿಯಾದ ವಾಕ್ಯಗಳು. ಆದರೆ ವಿಫಲವಾಗುವುದು ಏನು, ತೆರೆಯಬೇಕಾದವರು ಯಾರು, ಬೀಗ ಯಾವುದರದ್ದು ಎಂದು ನನಗೆ ಗೊತ್ತಾಗಲಿಲ್ಲ. ಹಾಗಾಗಿ ಮಾವನನ್ನು ಕೇಳಿದೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಐಟಿಐಯಲ್ಲಿ ಫಿಟ್ಟರ್ ಓದಿ, ಇಪ್ಪತ್ತೆರಡನೆಯ ವಯಸ್ಸಿಗೆ ಕೆಲಸಕ್ಕೆ ಸೇರಿ, ಮೂವತ್ತೈದು ವರ್ಷ ಪೈಪುಗಳ ನಡುವೆಯೇ ಇದ್ದವರು. ಆಗ ಅವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮನೆಯಲ್ಲಿ ನಾವು ತುಳು ಮಾತಾಡುತ್ತೇವೆ. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಸಾಲನ್ನೂ ಓದಿ ಹೇಳಿದಾಗ ಅವರು ಊಟದ ತಟ್ಟೆಯಿಂದ ಕೈ ತೆಗೆದರು.

‘ಇದನ್ನು ಯಾರಾದರೂ ನಂಬಿದರೆ ಎಂತ ಆಗ್ತದೆ ಗೊತ್ತುಂಟಾ ಮಾರಾಯ್ತಿ? ಮೊದಲು ಡ್ರಾಯಿಂಗ್ ಓದ್ಲಿಕ್ಕೆ ಕಲಿ. ಆಮೇಲೆ ಕನ್ನಡ ಸರಿಮಾಡು.’

ಹೀಗೆ ಏಳೆಂಟು ಭಾನುವಾರಗಳ ಪಾಠ ಶುರುವಾಯಿತು. ನಿಜವಾದ ಸ್ಥಾವರದ ನಕ್ಷೆಗಳನ್ನು ಹೊರಗೆ ತರುವಂತಿಲ್ಲ. ಕೈಪಿಡಿಯಲ್ಲೇ ಇದ್ದ ಮಾದರಿ ಹಾಳೆಯೇ ನಮ್ಮ ಪಠ್ಯ: ಒಂದು ಟ್ಯಾಂಕ್, ಎರಡು ಪಂಪು, ಬಿಸಿ ದ್ರವವನ್ನು ತಣಿಸುವ ಒಂದು ಕೂಲರ್, ಒತ್ತಡದಲ್ಲಿರುವ ಒಂದು ಪಾತ್ರೆ, ಇವುಗಳ ನಡುವೆ ಗೆರೆಗಳು.

ಮೊದಲು ಕಲಿತದ್ದು, ಈ ನಕ್ಷೆಗೆ ಅಳತೆ ಇಲ್ಲ ಎನ್ನುವುದನ್ನು. ಮನೆಯ ಪ್ಲಾನಿನಲ್ಲಿ ಒಂದು ಇಂಚಿಗೆ ಇಷ್ಟು ಅಡಿ ಎಂದು ಇರುತ್ತದೆ. ಊರಿನ ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಇರುತ್ತದೆ. ಇಲ್ಲಿ ಎರಡೂ ಇಲ್ಲ. ಹಾಳೆಯಲ್ಲಿ ಒಂದು ಬೆರಳಿನಷ್ಟು ದೂರ ಇರುವ ಟ್ಯಾಂಕು ಮತ್ತು ಪಂಪು ನೆಲದ ಮೇಲೆ ಅರ್ಧ ಕಿಲೋಮೀಟರ್ ದೂರ ಇರಬಹುದು. ಹಾಳೆಯ ಎರಡು ತುದಿಗಳಲ್ಲಿರುವ ಎರಡು ವಾಲ್ವುಗಳು ನೆಲದ ಮೇಲೆ ಒಬ್ಬನ ಎರಡು ಕೈಗಳಿಗೆ ಎಟಕುವಷ್ಟು ಹತ್ತಿರ ಇರಬಹುದು. ನಕ್ಷೆ ಹೇಳುವುದು ಜಾಗವನ್ನಲ್ಲ, ಸಂಬಂಧವನ್ನು. ಯಾವುದರ ನಂತರ ಯಾವುದು, ಯಾವುದು ಯಾವುದರ ಮಾತು ಕೇಳುತ್ತದೆ, ಇಷ್ಟೇ. ನಮ್ಮಲ್ಲಿ ವಂಶಾವಳಿ ಬರೆಯುವ ಕ್ರಮದಂತೆ. ಅಜ್ಜಿಯ ಹೆಸರಿನಿಂದ ಮೊಮ್ಮಗಳ ಹೆಸರಿಗೆ ಎಳೆದ ಗೆರೆಯ ಉದ್ದವನ್ನು ಯಾರೂ ಅಳೆಯುವುದಿಲ್ಲ.

ಆಮೇಲೆ ಗೆರೆಗಳು. ಗಟ್ಟಿಯಾದ ಗೆರೆ ಎಂದರೆ ಪೈಪು. ತುಂಡು ತುಂಡು ಗೆರೆ ಎಂದರೆ ವಿದ್ಯುತ್ ಸಂಕೇತ. ಗೆರೆಯ ಮೇಲೆ ಅಲ್ಲಲ್ಲಿ ಎರಡೆರಡು ಓರೆ ಗೀರು ಹಾಕಿದ್ದರೆ ಗಾಳಿಯ ಒತ್ತಡದಿಂದ ಹೋಗುವ ಸಂಕೇತ. ಮಾವ ಇದನ್ನು ಹೇಳಿದ್ದು ಹೀಗೆ: ‘ಗಟ್ಟಿ ಗೆರೆಯಲ್ಲಿ ಮಾಲು ಹೋಗ್ತದೆ, ತುಂಡು ಗೆರೆಯಲ್ಲಿ ಸುದ್ದಿ ಹೋಗ್ತದೆ.’ ಪ್ರತಿ ಪೈಪಿಗೂ ಒಂದು ಉದ್ದನೆಯ ಸಂಖ್ಯೆ. ಅದರಲ್ಲಿ ಪೈಪಿನ ಗಾತ್ರ, ಒಳಗೆ ಹರಿಯುವುದು ಏನು, ಅದರ ಕ್ರಮಸಂಖ್ಯೆ, ಯಾವ ಲೋಹ ಮತ್ತು ಎಷ್ಟು ಒತ್ತಡಕ್ಕೆ ತಕ್ಕ ದರ್ಜೆ, ಮೇಲೆ ಶಾಖ ತಡೆಯುವ ಹೊದಿಕೆ ಇದೆಯೋ ಇಲ್ಲವೋ, ಎಲ್ಲವೂ ಇರುತ್ತದೆ. ಪಂಪಿಗೆ ‘ಪಿ-101 ಎ/ಬಿ’ ಎಂದು ಬರೆದಿದ್ದರೆ ಅಲ್ಲಿ ಎರಡು ಪಂಪುಗಳಿವೆ, ಒಂದು ಓಡುವಾಗ ಇನ್ನೊಂದು ಕಾಯುತ್ತಿರುತ್ತದೆ. ವಾಲ್ವು ಎಂದರೆ ಮೂಗಿಗೆ ಮೂಗು ತಾಗಿಸಿದ ಎರಡು ತ್ರಿಕೋನ, ಅಡ್ಡ ಮಲಗಿಸಿದ ಡಮರು. ನಡುವೆ ಕಪ್ಪು ಚುಕ್ಕೆ ಇದ್ದರೆ ಗ್ಲೋಬ್ ವಾಲ್ವ್.

ಇಲ್ಲಿಯವರೆಗೆ ಇದು ಗುರುತುಗಳ ಪಟ್ಟಿ, ಬಾಯಿಪಾಠ ಮಾಡಬಹುದು. ವೃತ್ತಗಳಿಗೆ ಬಂದಾಗ ಮಾತ್ರ ನನಗೆ ಇದೊಂದು ಭಾಷೆ ಅನ್ನಿಸಿತು. ನಕ್ಷೆಯ ತುಂಬ ಚಿಕ್ಕ ಚಿಕ್ಕ ವೃತ್ತಗಳು, ಪ್ರತಿಯೊಂದರ ಒಳಗೆ ಎರಡು ಮೂರು ಇಂಗ್ಲಿಷ್ ಅಕ್ಷರ, ಕೆಳಗೆ ಒಂದು ಸಂಖ್ಯೆ. ಒಂದೊಂದು ವೃತ್ತವೂ ಒಂದು ಉಪಕರಣ. ಈ ಅಕ್ಷರಗಳ ನಿಯಮವನ್ನು ಅಮೆರಿಕದ ಇನ್‌ಸ್ಟ್ರುಮೆಂಟ್ ಸೊಸೈಟಿ 1949ರಲ್ಲಿ ಮೊದಲು ಹೊರತಂದಿತು. ಐಎಸ್‌ಎ 5.1 ಎಂಬ ಹೆಸರಿನಲ್ಲಿ, ಹಲವು ಬಾರಿ ತಿದ್ದಿಕೊಂಡು, ಇವತ್ತಿಗೂ ಚಲಾವಣೆಯಲ್ಲಿದೆ. ನಿಯಮ ಸರಳ. ಮೊದಲ ಅಕ್ಷರ ಅಳೆಯುವುದು ಏನನ್ನು ಎಂದು ಹೇಳುತ್ತದೆ: ‘ಪಿ’ ಒತ್ತಡ, ‘ಟಿ’ ಉಷ್ಣತೆ, ‘ಎಫ್’ ಹರಿವು, ‘ಎಲ್’ ಮಟ್ಟ. ನಂತರದ ಅಕ್ಷರಗಳು ಆ ಉಪಕರಣ ಏನು ಮಾಡುತ್ತದೆ ಎಂದು ಹೇಳುತ್ತವೆ: ‘ಐ’ ತೋರಿಸುತ್ತದೆ, ‘ಸಿ’ ನಿಯಂತ್ರಿಸುತ್ತದೆ, ‘ಟಿ’ ಸುದ್ದಿ ಕಳುಹಿಸುತ್ತದೆ, ‘ಎ’ ಎಚ್ಚರಿಸುತ್ತದೆ. ಅದೇ ‘ಟಿ’ ಮೊದಲು ಬಂದರೆ ಉಷ್ಣತೆ, ನಂತರ ಬಂದರೆ ರವಾನೆ. ‘ಟಿಟಿ’ ಎಂದಿದ್ದರೆ ಉಷ್ಣತೆಯ ಸುದ್ದಿ ಕಳುಹಿಸುವ ಸಾಧನ.

ಪ್ರಕೃತಿ ಮೊದಲು, ಪ್ರತ್ಯಯ ಆಮೇಲೆ. ಹೈಸ್ಕೂಲಿನಲ್ಲಿ ವಿಭಕ್ತಿ ಕಲಿತವರಿಗೆ ಇದು ಹೊಸದಲ್ಲ. ‘ಮರ’ ಎಂಬುದು ‘ಮರವನ್ನು’, ‘ಮರದಿಂದ’, ‘ಮರಕ್ಕೆ’ ಆಗುವ ಹಾಗೆ, ‘ಎಲ್’ ಎಂಬ ಪ್ರಕೃತಿ ‘ಎಲ್‌ಟಿ’, ‘ಎಲ್‌ಐಸಿ’, ‘ಎಲ್‌ವಿ’ ಆಗುತ್ತದೆ. ಮೂರಕ್ಕೂ ಕೆಳಗೆ 101 ಎಂಬ ಒಂದೇ ಸಂಖ್ಯೆ ಇದ್ದರೆ ಮೂರೂ ಒಂದೇ ವಾಕ್ಯದ ಪದಗಳು: ಪಾತ್ರೆಯಲ್ಲಿ ದ್ರವದ ಮಟ್ಟ ಎಷ್ಟಿದೆ ಎಂದು ಒಬ್ಬ ಅಳೆದು ಹೇಳುತ್ತಾನೆ, ಇನ್ನೊಬ್ಬ ಅದನ್ನು ಇರಬೇಕಾದ ಮಟ್ಟಕ್ಕೆ ಹೋಲಿಸಿ ತೀರ್ಮಾನಿಸುತ್ತಾನೆ, ಮೂರನೆಯವನು ವಾಲ್ವನ್ನು ಅಷ್ಟೇ ತೆರೆಯುತ್ತಾನೆ ಅಥವಾ ಮುಚ್ಚುತ್ತಾನೆ.

ವೃತ್ತದ ನಡುವೆ ಅಡ್ಡಗೆರೆ ಇದ್ದರೆ ಆ ಉಪಕರಣ ಕಂಟ್ರೋಲ್ ರೂಮಿನಲ್ಲಿ, ಕೂತವರ ಕಣ್ಣೆದುರು ಇದೆ. ಗೆರೆ ಇಲ್ಲದಿದ್ದರೆ ಅದು ಹೊರಗೆ, ಪೈಪಿನ ಮೇಲೆಯೇ ಇದೆ. ಹಾಗೆ ಹೊರಗಿರುವ ವೃತ್ತದಿಂದ ಯಾವ ತುಂಡು ಗೆರೆಯೂ ಹೊರಡದಿದ್ದರೆ ಅದರ ಸುದ್ದಿ ಎಲ್ಲಿಗೂ ಹೋಗುವುದಿಲ್ಲ. ಪಂಪಿನ ಮೂತಿಯಲ್ಲಿರುವ ಒತ್ತಡದ ಗೇಜು ಅಂಥದ್ದು. ಅದರ ಮುಳ್ಳು ಎಲ್ಲಿದೆ ಎಂದು ತಿಳಿಯಬೇಕಾದರೆ ಯಾರಾದರೂ ಅಲ್ಲಿಗೆ ನಡೆದು ಹೋಗಿ ನೋಡಬೇಕು.

ಈಗ ಹನ್ನೆರಡನೆಯ ಪುಟಕ್ಕೆ ಬರಬಹುದು. ಕಂಟ್ರೋಲ್ ವಾಲ್ವನ್ನು ಕೈಯಿಂದ ತಿರುಗಿಸುವುದಿಲ್ಲ. ಅದರ ತಲೆಯ ಮೇಲೆ ಅಣಬೆಯ ಟೊಪ್ಪಿಯಂಥ ಒಂದು ಭಾಗವಿದೆ, ಅದರೊಳಗೆ ಒಂದು ಪೊರೆ ಮತ್ತು ಸ್ಪ್ರಿಂಗು. ಒತ್ತಡದ ಗಾಳಿ ಪೊರೆಯನ್ನು ಒಂದು ಕಡೆಗೆ ದೂಡುತ್ತದೆ, ಸ್ಪ್ರಿಂಗು ಇನ್ನೊಂದು ಕಡೆಗೆ. ಎಲ್ಲ ಸರಿಯಿದ್ದಾಗ ಗಾಳಿಯ ಒತ್ತಡ ಹೇಳಿದಷ್ಟು ವಾಲ್ವು ತೆರೆದಿರುತ್ತದೆ. ಆದರೆ ಗಾಳಿಯ ಕಂಪ್ರೆಸರ್ ನಿಂತರೆ, ಗಾಳಿಯ ಕೊಳವೆ ತುಂಡಾದರೆ? ಆಗ ಸ್ಪ್ರಿಂಗಿನದ್ದೇ ರಾಜ್ಯ. ಅದು ವಾಲ್ವನ್ನು ಯಾವ ಕಡೆಗೆ ಒಯ್ಯಬೇಕು ಎಂಬುದನ್ನು ಸ್ಥಾವರ ಕಟ್ಟುವ ಮೊದಲೇ ಯೋಚಿಸಿ ಇಟ್ಟಿರುತ್ತಾರೆ. ಬಿಸಿಯಾಗುವ ಪಾತ್ರೆಗೆ ತಣ್ಣೀರು ಕೊಡುವ ವಾಲ್ವಾದರೆ ಪೂರ್ತಿ ತೆರೆದುಕೊಳ್ಳಬೇಕು, ನೀರು ನಿಲ್ಲಬಾರದು. ಕುಲುಮೆಗೆ ಇಂಧನ ಕೊಡುವ ವಾಲ್ವಾದರೆ ಪೂರ್ತಿ ಮುಚ್ಚಿಕೊಳ್ಳಬೇಕು, ಬೆಂಕಿ ಹೆಚ್ಚಬಾರದು. ಮೊದಲನೆಯದು ಎಫ್‌ಓ, ಎರಡನೆಯದು ಎಫ್‌ಸಿ. ಇದು ಕೆಲಸಗಾರನಿಗೆ ಕೊಟ್ಟ ಆಜ್ಞೆಯಲ್ಲ, ವಾಲ್ವಿನ ಸ್ವಭಾವದ ವರ್ಣನೆ. ‘ವಿಫಲವಾದರೆ ತೆರೆಯಿರಿ’ ಎಂದು ಓದಿದ ಹುಡುಗ, ಏನೋ ಕೆಟ್ಟಿದೆ ಎಂದು ತಿಳಿದ ಕೂಡಲೇ ಓಡಿ ಹೋಗಿ ಅದರ ಪಕ್ಕದ ಬೈಪಾಸನ್ನು ಕೈಯಾರೆ ತೆರೆದರೆ ಅವನದ್ದು ತಪ್ಪಲ್ಲ. ಪುಸ್ತಕ ಹೇಳಿದ್ದನ್ನೇ ಅವನು ಮಾಡಿದ್ದಾನೆ.

ಎಲ್‌ಓ ಇನ್ನೂ ಕೆಟ್ಟದ್ದು. ಒತ್ತಡದ ಪಾತ್ರೆಯ ಮೇಲೆ ಒಂದು ಸುರಕ್ಷತಾ ವಾಲ್ವು ಇರುತ್ತದೆ. ಮನೆಯ ಕುಕ್ಕರಿನ ಸೇಫ್ಟಿ ವಾಲ್ವಿನ ದೊಡ್ಡಣ್ಣ. ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಹೊರಗೆ ಬಿಡುತ್ತದೆ. ಅದನ್ನು ದುರಸ್ತಿಗೆ ಬಿಚ್ಚಲು ಅನುಕೂಲವಾಗಲಿ ಎಂದು ಅದರ ಕೆಳಗೆ ಒಂದು ಸಾಮಾನ್ಯ ವಾಲ್ವು. ಈ ಕೆಳಗಿನ ವಾಲ್ವನ್ನು ಯಾರಾದರೂ ಮುಚ್ಚಿಬಿಟ್ಟರೆ ಮೇಲಿನ ಸುರಕ್ಷತಾ ವಾಲ್ವು ಇದ್ದೂ ಇಲ್ಲದ ಹಾಗೆ. ಅದಕ್ಕೆ ಅದನ್ನು ತೆರೆದಿಟ್ಟು, ತೆರೆದ ಸ್ಥಿತಿಯಲ್ಲೇ ಚೈನು ಸುತ್ತಿ ಬೀಗ ಜಡಿಯುತ್ತಾರೆ. ಅನುವಾದದಲ್ಲಿ ಇದು ‘ಬೀಗ ತೆರೆಯಿರಿ’ ಆಗಿತ್ತು. ಕಾಯಲಿಕ್ಕೆ ಹಾಕಿದ ಬೀಗವನ್ನೇ ಬಿಚ್ಚು ಎಂದು ಪುಸ್ತಕ ಹೇಳುತ್ತಿತ್ತು.

ಎಫ್‌ಓ ಪದಕ್ಕೆ ನಾನು ಹತ್ತಾರು ಪ್ರಯೋಗ ಮಾಡಿದೆ. ‘ವೈಫಲ್ಯ-ವಿವೃತ’ ಎಂದೂ ಒಮ್ಮೆ ಬರೆದು ನೋಡಿದೆ. ಮಾವ ನಕ್ಕರು. ‘ವಾಲ್ವಿಗೆ ಎಂತದೂ ಆಗಿಲ್ಲ. ಹೋದದ್ದು ಗಾಳಿ. ಗಾಳಿ ಹೋದರೆ ತೆರೆಯುತ್ತದೆ, ಗಾಳಿ ಹೋದರೆ ಮುಚ್ಚುತ್ತದೆ. ಇನ್ನೊಂದುಂಟು, ಗಾಳಿ ಹೋದರೆ ಇದ್ದಲ್ಲೇ ನಿಲ್ಲುತ್ತದೆ. ಮೂರೇ.’ ಕೈಪಿಡಿಗೆ ಅದೇ ಹೋಯಿತು. ಮೂಲದ ಇಂಗ್ಲಿಷಿನಲ್ಲಿ ಏನು ಕೆಡುತ್ತದೆ ಎಂದು ಹೇಳುವ ಪದವೇ ಇಲ್ಲ, ಗೊತ್ತಿದ್ದವರು ಗೊತ್ತುಮಾಡಿಕೊಳ್ಳುತ್ತಾರೆ. ಕನ್ನಡಕ್ಕೆ ಕರ್ತೃಪದ ಬೇಕಾಯಿತು, ಕರ್ತೃಪದ ಬಂದ ಮೇಲೆ ಗೊಂದಲಕ್ಕೆ ಜಾಗ ಉಳಿಯಲಿಲ್ಲ.

ಈ ಹಾಳೆಯನ್ನು ನಡುವೆ ಇಟ್ಟುಕೊಂಡು ನಡೆಯುವ ಒಂದು ಸಭೆಯಿದೆ. ಹ್ಯಾಝಾಪ್ ಎಂದು ಹೆಸರು. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಹುಟ್ಟಿದ ಕ್ರಮ. ವಿನ್ಯಾಸ ಮಾಡಿದವರು, ಸ್ಥಾವರ ನಡೆಸುವವರು, ದುರಸ್ತಿಯವರು ಒಂದು ಮೇಜಿನ ಸುತ್ತ ಕೂತು ನಕ್ಷೆಯ ಒಂದೊಂದು ಗೆರೆಯನ್ನೂ ಹಿಡಿದು ಕೆಲವು ಪದಗಳಿಂದ ಪ್ರಶ್ನಿಸುತ್ತಾರೆ: ಇಲ್ಲ, ಹೆಚ್ಚು, ಕಡಿಮೆ, ಹಿಮ್ಮುಖ, ಜೊತೆಗೆ, ಬದಲಿಗೆ. ಇಲ್ಲಿ ಹರಿವು ಇಲ್ಲವಾದರೆ? ಹೆಚ್ಚಾದರೆ? ಹಿಂದಕ್ಕೆ ಹರಿದರೆ? ಎಣ್ಣೆಯ ಜೊತೆಗೆ ನೀರೂ ಬಂದರೆ? ಪ್ರತಿ ಪ್ರಶ್ನೆಗೂ ಕಾರಣ ಏನು, ಪರಿಣಾಮ ಏನು, ತಡೆಯಲು ಏನಿದೆ ಎಂದು ಬರೆದಿಡಬೇಕು. ಮಾವ ಇದನ್ನು ವಿವರಿಸುವಾಗ ನನಗೆ ಕಂಡದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಎದುರು ಕೂತ ಅರ್ಥಧಾರಿಗಳು, ನಡುವೆ ಒಂದು ಪ್ರಸಂಗ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಸುಮ್ಮನೆ ಒಪ್ಪುವಂತಿಲ್ಲ. ಒಪ್ಪಿದರೆ ಕೂಟ ಕೆಡುತ್ತದೆ.

ನನ್ನ ಸಂಶೋಧನೆಗೂ ಈ ನಕ್ಷೆಗೂ ಇರುವ ನಿಜವಾದ ನಂಟು ಕಾಣಿಸಿದ್ದು ಇದಾದ ಮೇಲೆ. ಹಾಳೆಯ ಬಲಗಡೆ ಕೆಳಗೆ ಒಂದು ಚೌಕಟ್ಟು ಇರುತ್ತದೆ. ಅದರಲ್ಲಿ ನಕ್ಷೆ ಎಷ್ಟನೆಯ ಸಲ ತಿದ್ದುಪಡಿಯಾಗಿದೆ, ಯಾವ ದಿನ, ಯಾರು ಬರೆದರು, ಯಾರು ಪರಿಶೀಲಿಸಿದರು, ಯಾರು ಒಪ್ಪಿದರು ಎಂದೆಲ್ಲ ಇರುತ್ತದೆ. ಬದಲಾದ ಭಾಗದ ಸುತ್ತ ಮೋಡದ ಆಕಾರದ ಗೆರೆ. ನಮ್ಮ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ತಿಂಗಳು, ತಿಥಿ ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂದು ಕೇಳಿಕೊಳ್ಳುವುದು ನೆನಪಾಯಿತು. ಸ್ಥಾವರ ಕಟ್ಟಿ ಮುಗಿದ ಮೇಲೆ, ಮತ್ತು ಆಮೇಲೂ ಆಗಾಗ, ಈ ಹಾಳೆಗಳನ್ನು ಕೈಯಲ್ಲಿ ಹಿಡಿದು ಪೈಪುಗಳ ಉದ್ದಕ್ಕೂ ನಡೆಯುತ್ತಾರೆ. ನೋಡಿ ಸರಿಯೆಂದು ಕಂಡ ಗೆರೆಗೆ ಹಳದಿ ಬಣ್ಣ, ವ್ಯತ್ಯಾಸ ಕಂಡಲ್ಲಿ ಕೆಂಪು. ಪ್ರತಿ ಹೋಲಿಕೆಯ ಕೆಲಸವೇ. ನಾನು ಎಸಿ ಕೋಣೆಯಲ್ಲಿ ಕೂತು ಮಾಡುವುದನ್ನು ಅವರು ಹೆಲ್ಮೆಟ್ ಹಾಕಿ ಬಿಸಿಲಿನಲ್ಲಿ ಮಾಡುತ್ತಾರೆ.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಗ್ರಂಥಸಂಪಾದನೆಯಲ್ಲಿ ನಾವು ಹುಡುಕುವುದು ಕವಿಯ ಪಾಠವನ್ನು. ಪ್ರತಿಗಳು ಬೇರೆ ಬೇರೆಯಾದರೆ ಕಳೆದುಹೋದ ಮೂಲಕ್ಕೆ ಯಾವುದು ಹತ್ತಿರ ಎಂದು ಕೇಳುತ್ತೇವೆ. ಸ್ಥಾವರದಲ್ಲಿ ಹಾಗಲ್ಲ. ಹಾಳೆಯಲ್ಲಿ ಇದ್ದು ನೆಲದಲ್ಲಿ ಇಲ್ಲದ್ದು ಸಿಕ್ಕರೆ ಹಾಳೆ ತಪ್ಪೋ, ನೆಲ ತಪ್ಪೋ? ಎರಡೂ ಆಗಬಹುದು. ಸುಮ್ಮನೆ ಹಾಳೆಯನ್ನು ನೆಲಕ್ಕೆ ಸರಿಯಾಗಿ ತಿದ್ದಿದರೆ ತಪ್ಪಿಗೆ ಮೊಹರು ಬಿದ್ದ ಹಾಗೆ.

ಮಾವ ಹೇಳಿದ ಒಂದು ಘಟನೆ ಇದು. ಬಹಳ ಹಿಂದೆ, ಅವರು ಕೆಲಸ ಮಾಡಿದ ಒಂದು ಕಡೆ, ಹೀಗೆ ನಡೆಯುವಾಗ ಕೂಲರಿನ ಪಕ್ಕದಲ್ಲಿ ಹಾಳೆಯಲ್ಲಿಲ್ಲದ ಒಂದು ಬೈಪಾಸ್ ಲೈನು ಸಿಕ್ಕಿತು. ಬಿಸಿ ದ್ರವ ಕೂಲರಿಗೆ ಹೋಗದೆ ಬಳಸಿಕೊಂಡು ನೇರ ಟ್ಯಾಂಕಿಗೆ ಹೋಗುವ ದಾರಿ. ನಡುವೆ ಒಂದು ವಾಲ್ವು, ಪೇಂಟ್ ಮಾಡಿ ಚೆನ್ನಾಗಿಯೇ ಇಟ್ಟದ್ದು. ಹೊಸದಾಗಿ ಸೇರಿದ್ದ ಇಂಜಿನಿಯರು ಕೆಂಪು ಪೆನ್ನಿನಲ್ಲಿ ಅದನ್ನು ಹಾಳೆಗೆ ಸೇರಿಸಲು ಹೊರಟರು. ಮಾವ ತಡೆದರು. ಅದನ್ನು ಹಾಕಿದ್ದು ಒಂದು ಬೇಸಿಗೆಯಲ್ಲಿ, ಕೂಲರ್ ತೊಳೆಯುವ ಎರಡು ವಾರಕ್ಕೆಂದು. ಹಾಕಿದ ತಂಡದಲ್ಲಿ ಅವರೂ ಇದ್ದರು. ಎರಡು ವಾರದ ಲೈನು ಹನ್ನೊಂದು ವರ್ಷ ಉಳಿದಿತ್ತು. ಹಾಕಿಸಿದವರು ವರ್ಗವಾಗಿ ಹೋಗಿದ್ದರು, ಹೊಸಬರಿಗೆ ಅದು ಮೊದಲಿನಿಂದ ಇದ್ದದ್ದು. ಆ ವಾಲ್ವು ಒಂದು ದಿನ ತೆರೆದು ಉಳಿದಿದ್ದರೆ ತಣಿಯದ ದ್ರವ ಟ್ಯಾಂಕಿಗೆ ಹೋಗುತ್ತಿತ್ತು. ಟ್ಯಾಂಕು ಆ ಬಿಸಿಗೆ ಕಟ್ಟಿದ್ದಲ್ಲ. ಚರ್ಚೆಯಾಗಿ, ಲೈನನ್ನು ಕತ್ತರಿಸಿ ಎರಡು ಕಡೆಯೂ ಬ್ಲೈಂಡ್ ಹಾಕಿದರು. ಹಾಳೆ ಮೊದಲಿದ್ದ ಹಾಗೆಯೇ ಉಳಿಯಿತು. ತಿದ್ದಿದ್ದು ನೆಲವನ್ನು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಪ್ರಕ್ಷೇಪ ಎನ್ನುತ್ತೇವೆ, ಯಾರೋ ನಡುವೆ ಸೇರಿಸಿದ ಪದ್ಯ. ಪ್ರಕ್ಷೇಪವನ್ನು ಮೂಲವೆಂದು ನಂಬಿದರೆ ಅರ್ಥ ಕೆಡುತ್ತದೆ, ಜೀವ ಹೋಗುವುದಿಲ್ಲ.

ಜೀವ ಹೋದದ್ದಕ್ಕೆ ಲೋಕದಲ್ಲಿ ಸಾಕಷ್ಟು ಉದಾಹರಣೆಗಳಿವೆ. ನವ ಮಂಗಳೂರು ಬಂದರು ಪ್ರಮುಖ ಬಂದರೆಂದು ಘೋಷಣೆಯಾದ 1974ರಲ್ಲೇ, ಜೂನ್ 1ರಂದು, ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಗೊಂಡು 28 ಜನ ಸತ್ತರು. ಅಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತ್ತು. ಅದನ್ನು ತೆಗೆದು, ನಾಲ್ಕನೆಯದರಿಂದ ಆರನೆಯದಕ್ಕೆ ತಾತ್ಕಾಲಿಕವಾಗಿ 20 ಇಂಚಿನ ಒಂದು ಪೈಪು ಜೋಡಿಸಿದ್ದರು. ಆ ಪೈಪಿಗೆ ಇದ್ದ ಒಂದೇ ನಕ್ಷೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು. ಅದಕ್ಕೆ ತಿದ್ದುಪಡಿಯ ಸಂಖ್ಯೆ ಇರಲಿಲ್ಲ, ಪರಿಶೀಲಿಸಿದವರ ಸಹಿ ಇರಲಿಲ್ಲ, ಎದುರು ಕೂತು ಪ್ರಶ್ನಿಸಿದವರಿರಲಿಲ್ಲ.

ಭೋಪಾಲದ್ದು ಇದರ ತಿರುಗುಮುರುಗು. 1984ರ ಡಿಸೆಂಬರ್ 2ರ ರಾತ್ರಿ 610ನೆಯ ಟ್ಯಾಂಕಿಗೆ ನೀರು ಸೇರಿ ವಿಷಾನಿಲ ಎದ್ದಾಗ ಅದನ್ನು ತಡೆಯಲು ವಿನ್ಯಾಸದಲ್ಲಿ ಒಂದಕ್ಕಿಂತ ಹೆಚ್ಚು ಏರ್ಪಾಡುಗಳಿದ್ದವು. ಟ್ಯಾಂಕನ್ನು ತಂಪಾಗಿಡುವ ಘಟಕ ತಿಂಗಳುಗಳಿಂದ ನಿಂತಿತ್ತು. ಅನಿಲವನ್ನು ಸುಡುವ ಫ್ಲೇರಿಗೆ ಹೋಗುವ ಪೈಪಿನ ತುಂಡನ್ನು ತುಕ್ಕು ಹಿಡಿದಿದೆಯೆಂದು ಬಿಚ್ಚಿದ್ದರು. ಅನಿಲವನ್ನು ತೊಳೆಯುವ ಸ್ಕ್ರಬ್ಬರು ಕೆಲಸಕ್ಕೆ ಸಜ್ಜಾಗಿರಲಿಲ್ಲ. ಕಾಗದದ ಮೇಲೆ ಊರು ಸುರಕ್ಷಿತವಾಗಿತ್ತು. ಆ ದುರಂತದ ಬಗ್ಗೆ ಬರೆದವರು ಮತ್ತೆ ಮತ್ತೆ ಹೇಳುವ ಇನ್ನೊಂದು ಮಾತಿದೆ: ಅಲ್ಲಿನ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಅವನ್ನು ಚೆನ್ನಾಗಿ ಓದಬಲ್ಲ ಕೆಲಸಗಾರರು ಕಡಿಮೆ. ಹನ್ನೆರಡನೆಯ ಪುಟವನ್ನು ತಿದ್ದುವಾಗ ನನ್ನ ಮನಸ್ಸಿನಲ್ಲಿ ಇದು ಇತ್ತು. ಕನ್ನಡದಲ್ಲಿ ಕೊಟ್ಟರೆ ಸಾಲದು, ಕೊಟ್ಟ ಕನ್ನಡ ಇಂಗ್ಲಿಷಿಗಿಂತ ಅಪಾಯಕಾರಿ ಆಗಬಾರದು.

ಈ ಹಾಳೆ ಎಲ್ಲವನ್ನೂ ಹೇಳುತ್ತದೆ ಎಂಬ ಭ್ರಮೆ ನನಗಿಲ್ಲ. ಹಾಳೆಯ ಅಂಚಿನಲ್ಲಿ ಬಾಣದ ತಲೆಯಿರುವ ಚಿಕ್ಕ ಪಟ್ಟಿಗಳಿರುತ್ತವೆ, ಈ ಲೈನು ಇಂಥ ಹಾಳೆಯಿಂದ ಬಂತು, ಇಂಥ ಹಾಳೆಗೆ ಹೋಯಿತು ಎಂದು ಹೇಳಲು. ಮಾದರಿ ಹಾಳೆಯ ಎಡ ಅಂಚಿನಲ್ಲಿ ಒಂದು ಪಟ್ಟಿಯ ಮೇಲೆ ‘ಕಚ್ಚಾ ನೀರು’ ಎಂದು ಮಾತ್ರ ಇತ್ತು. ನಮ್ಮ ಊರಿನಲ್ಲಿ ಆ ಎರಡು ಪದಗಳ ಹಿಂದೆ ನೇತ್ರಾವತಿ ಇದ್ದಾಳೆ. 2019ರ ಬೇಸಿಗೆಯಲ್ಲಿ ನದಿಯಲ್ಲಿ ನೀರಿಲ್ಲದೆ ಎಂಆರ್‌ಪಿಎಲ್ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ನಗರದಲ್ಲೂ ಆಗ ನೀರಿಗೆ ಸರದಿ. ಮುಂದೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರ ಬಂತು. ಹ್ಯಾಝಾಪ್ ಮೇಜಿನಲ್ಲಿ ‘ಹರಿವು ಇಲ್ಲ’ ಎಂಬ ಪ್ರಶ್ನೆಯನ್ನು ಎಡ ಅಂಚಿನ ಆ ಬಾಣಕ್ಕೂ ಕೇಳುತ್ತಾರೆ. ಅದಕ್ಕೆ ಉತ್ತರ ಮಾತ್ರ ಹಾಳೆಯ ಹೊರಗೆ, ತುಂಬೆಯ ಅಣೆಕಟ್ಟಿನಲ್ಲೋ ಘಟ್ಟದ ಮಳೆಯಲ್ಲೋ ಇರುತ್ತದೆ.

ಕೈಪಿಡಿ ಮುಗಿಯಿತು. ಅದರಲ್ಲಿ ನನ್ನ ಹೆಸರಿಲ್ಲ, ಮಾವನ ಹೆಸರೂ ಇಲ್ಲ. ಮಾವ ಹೋದ ವರ್ಷ ನಿವೃತ್ತರಾದರು. ಯಾವ ಲೈನನ್ನು ಯಾಕೆ ಹಾಕಿದ್ದು, ಯಾವ ವಾಲ್ವು ಅರ್ಧ ಸುತ್ತು ಹೆಚ್ಚು ತಿರುಗಿಸಿದರೆ ಮಾತ್ರ ಪೂರ್ತಿ ಮುಚ್ಚುತ್ತದೆ, ಇಂಥದ್ದೆಲ್ಲ ಅವರ ಜೊತೆ ಮನೆಗೆ ಬಂದಿದೆ. ಸಂಸ್ಥೆಯವರು ಅವರನ್ನು ತಿಂಗಳಿಗೆರಡು ದಿನ ಪಾಠ ಹೇಳಲು ಕರೆಯುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ಪಾಠಕ್ಕೆ ನಾನೂ ಹೋಗಿದ್ದೆ, ಬೈಕಂಪಾಡಿಯ ಒಂದು ಶೀಟಿನ ಮಾಡಿನ ಹಾಲಿಗೆ. ಸುಮಾರು ಇಪ್ಪತ್ತೈದು ಜನ. ಬಾಗಲಕೋಟೆ, ಕೊಪ್ಪಳ, ರಾಯಚೂರಿನವರು ಹೆಚ್ಚು. ಒಡಿಶಾದ ನಾಲ್ವರು ಹಿಂದಿಯಲ್ಲಿ ಪಿಸುಗುಟ್ಟಿ ಅರ್ಥ ಮಾಡಿಕೊಳ್ಳುತ್ತಿದ್ದರು. ಮಳೆಯ ಸದ್ದಿಗೆ ಮಾವ ಗಂಟಲು ಎತ್ತರಿಸಿ ಮಾತಾಡಬೇಕಾಗಿತ್ತು. ಮಾದರಿ ಹಾಳೆ ಎಲ್ಲರ ಕೈಯಲ್ಲೂ ಇತ್ತು. ‘ಗಾಳಿ ಹೋದರೆ?’ ಎಂದು ಅವರು ಕೇಳಿದಾಗ ಹಿಂದಿನ ಸಾಲಿನಿಂದಲೂ ಉತ್ತರ ಬಂತು.

ಆಮೇಲೆ ಬಾಗಲಕೋಟೆಯ ಹುಡುಗನೊಬ್ಬ ಕೈ ಎತ್ತಿದ. ‘ಸರ, ಈ ಡ್ರಾಯಿಂಗಿನ್ಯಾಗ ಟ್ಯಾಂಕ್ ಐತಿ, ಪಂಪ್ ಐತಿ, ಎಲ್ಲಾ ಐತಿ. ನಾವ್ ಎಲ್ಲಿ ಅದೀವ್ರಿ?’

ಕೆಲವರು ನಕ್ಕರು. ಮಾವ ನಗಲಿಲ್ಲ. ಹಾಳೆಯನ್ನು ಎತ್ತಿ ತೋರಿಸಿದರು.

‘ಅಡ್ಡಗೆರೆ ಇಲ್ಲದ ವೃತ್ತ ನೋಡು. ಅದರಿಂದ ತುಂಡು ಗೆರೆ ಹೊರಡದಿದ್ದರೆ ಅಲ್ಲಿ ನೀನು ನಿಂತಿದ್ದೀ. ನೀನು ಹೋಗಿ ನೋಡದಿದ್ದರೆ ಅದನ್ನು ಬೇರೆ ಯಾರೂ ನೋಡುವುದಿಲ್ಲ. ಎಷ್ಟುಂಟು, ಎಣಿಸು.’

ಹುಡುಗ ಬೆರಳಿಟ್ಟು ಎಣಿಸಿದ. ಪಕ್ಕದವನೂ ಬಗ್ಗಿ ಎಣಿಸಿದ.

‘ಏಳು ಅದಾವ್ರಿ.’

‘ಏಳು ಕಡೆ ಆಯ್ತು. ಟ್ಯಾಂಕಿನ ಅಡಿಯಲ್ಲಿ ಡ್ರೈನ್ ವಾಲ್ವು ಉಂಟಲ್ಲ, ಅದನ್ನು ಯಾರು ತೆರೆಯುದು?’

‘ನಾವೇರಿ.’

‘ಹಾಗಾದರೆ ಎಂಟು,’ ಎಂದು ಮಾವ ಮುಂದಿನ ಪುಟ ತಿರುಗಿಸಲು ಹೇಳಿದರು.